ಎಡೆದೊರೆಯ ನಾಡಿನಲ್ಲಿ ಅಂಟುಜಾಡ್ಯಗಳು



ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ಸೀಮೆಯನ್ನು ನಮ್ಮ ಪೂರ್ವಿಕರು ಎಡೆದೊರೆಯ ನಾಡೆಂದು ಕರೆಯುತ್ತಿದ್ದರು. ಹಳೆಯ ಶಾಸನಗಳಲ್ಲಿ ಇದು ‘ಎಡೆದೊರೆ ಎರಡು ಸಾವಿರ’ ಎಂದು ಕಾಣಬರುತ್ತದೆ. ಈಚಿನ ಕಾಲದವರು ಇದನ್ನೇ ರಾಯಚೂರು ದೋಆಬ್ ಎಂದರು. ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಳ ಪರ್ಯಂತ ಕಾದಾಡಿದ ಸಂಗತಿಯನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಯಾವ ಕೋಟೆಯೂ ತಡೆಯಲಾರದ ಬೇರೊಂದು ದಂಡು ಈ ನಾಡಿಗೆ ಮೇಲಿಂದ ಮೇಲೆ ಬಂದು ಹೋಗಿದೆ. ಅದು ಅಂಟುಜಾಡ್ಯಗಳ ದಂಡು. ಅದನ್ನು ತಡೆಯಲು ರಾಜ್ಯಾಧಿಕಾರಿಗಳು ಏನು ಮಾಡಿದರು, ಜನರು ಏನು ಮಾಡಿದರು, ಇಬ್ಬರ ಯತ್ನಗಳೂ ಎಲ್ಲಿ ಕೂಡಿದುವು, ಎಲ್ಲಿ ಬೇರೆಯಾದುವು ಎಂಬುದನ್ನು ಸಿಂಧನೂರು, ಮಸ್ಕಿ, ಲಿಂಗಸೂಗೂರುಗಳೆಂಬ ಮೂರು ಊರುಗಳನ್ನು ಎದುರಿಗಿಟ್ಟುಕೊಂಡು ಈ ಹೊತ್ತು ವಿಚಾರಮಾಡೋಣ.

ಈ ಮೂರು ಊರುಗಳೂ ಒಂದೇ ದಾರಿಯ ಮೇಲಿವೆ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ 150ಎ ಸಂಖ್ಯೆಯ ಹೆದ್ದಾರಿ ಲಿಂಗಸೂಗೂರು, ಮಸ್ಕಿ, ಸಿಂಧನೂರುಗಳನ್ನು ಹಾದು ಸಿರಗುಪ್ಪದ ಮೇಲಿಂದ ಬಳ್ಳಾರಿಯನ್ನು ಮುಟ್ಟುತ್ತದೆ. ದಾರಿ ಒಂದೇ ಆದರೂ ನೆಲ ಒಂದೇ ಅಲ್ಲ. ಸಿಂಧನೂರಿನ ಬಯಲಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದು ಬತ್ತದ ಗದ್ದೆಗಳಾಗಿವೆ. ಮಸ್ಕಿ ಲಿಂಗಸೂಗೂರುಗಳ ಮೇಲು ನೆಲದ ಬಹುಭಾಗವಾದರೋ ಮಳೆಯನ್ನೇ ನಂಬಿದ ಎರೆಯ ಹೊಲ, ಕಲ್ಲು ಗುಡ್ಡ. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಬಡವರು ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಕೂಲಿ ಹುಡುಕುತ್ತ ಹೊರಡುತ್ತಾರೆ. ಈ ಹೊರಡುವಿಕೆಗೆ ಆ ಸೀಮೆಯಲ್ಲಿ ‘ಗುಳೆ’ ಎಂದು ಹೆಸರು. ಈ ಒಂದು ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಜಾಡ್ಯವು ದಾರಿ ಹಿಡಿದು ಬರುತ್ತದೆ. ಬಡವನೂ ದಾರಿ ಹಿಡಿದೇ ಅನ್ನವನ್ನು ಅರಸುತ್ತಾನೆ. ಜಾಡ್ಯಕ್ಕೆಂದು ದಾರಿಯನ್ನು ಮುಚ್ಚಿದಾಗ ಬಡವನ ಗತಿಯೇನು ಎಂಬ ಪ್ರಶ್ನೆಯೇ ಈ ಇತಿಹಾಸದ ಉದ್ದಕ್ಕೂ ಹರಿದುಬಂದಿದೆ ಎಂದು ನಮಗೆ ತೋರುತ್ತದೆ.

ಆರಂಭವನ್ನು ಬಹಳ ಹಿಂದಿನಿಂದಲೇ ಮಾಡಬಹುದು. 1915ರಲ್ಲಿ ಚಿನ್ನದ ಅದುರನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರರಿಗೆ ಮಸ್ಕಿಯ ಗುಡ್ಡದಲ್ಲಿ ಒಂದು ಬರಹ ಸಿಕ್ಕಿತು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇದ್ದಿತು. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದ್ದುದರಿಂದ, ಇಬ್ಬರೂ ಒಬ್ಬರೇ ಎಂಬುದು ವಿದ್ವಾಂಸರಿಗೆ ಸ್ಥಿರಪಟ್ಟಿತು. ಇದೇ ಚಕ್ರವರ್ತಿಯ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದು, ಔಷಧಿಯ ಗಿಡಮೂಲಿಕೆಗಳಿಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದು, ದಾರಿಗಳಲ್ಲಿ ಬಾವಿಗಳನ್ನು ತೋಡಿಸಿ ಮರಗಳನ್ನು ಬೆಳೆಸಿದುದು ಹೇಳಲ್ಪಟ್ಟಿದೆ. ಆ ಶಾಸನ ಮಸ್ಕಿಯಲ್ಲಿಲ್ಲ; ತುಂಗಭದ್ರೆಯಾಚೆ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿದೆ. ನಾವು ಗಮನಿಸತಕ್ಕದ್ದು ಒಂದೇ ಅಂಶ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಔಷಧಿಯ ಮಾತೂ ದಾರಿಯ ನೀರುನೆರಳಿನ ಮಾತೂ ಒಂದೇ ಆಜ್ಞೆಯಲ್ಲಿ ಸೇರಿದ್ದುವು. ರೋಗಿಯ ಚಿಂತೆ ಬೇರೆ, ದಾರಿಹೋಕನ ಚಿಂತೆ ಬೇರೆ ಎಂದು ಅಂದಿನವರು ಬಗೆಯಲಿಲ್ಲ.

ಅಲ್ಲಿಂದ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರೋಣ. ಆಗ ಈ ಸೀಮೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಲಿಂಗಸೂಗೂರಿನಲ್ಲಿ ಹೈದರಾಬಾದು ಕಂಟಿಂಜೆಂಟ್ ಸೇನೆಯ ಛಾವಣಿ ಇದ್ದಿತು. 1905ರಲ್ಲಿ ರಾಯಚೂರು ಜಿಲ್ಲೆಯೊಡನೆ ಸೇರಿಸುವ ತನಕ ಅದೇ ಒಂದು ಜಿಲ್ಲೆಯ ಮುಖ್ಯಸ್ಥಳವೂ ಆಗಿದ್ದಿತು. ಮೂಡಲಿಗೆ ರಾಯಚೂರಿನಲ್ಲಿ ಮುಂಬಯಿಯ ರೈಲುದಾರಿಯೂ ಮದ್ರಾಸಿನ ರೈಲುದಾರಿಯೂ 1871ರಲ್ಲಿ ಕೂಡಿದ್ದುವು. ಪಡುವಲಿಗೂ ತೆಂಕಲಿಗೂ ಹುಬ್ಬಳ್ಳಿ, ಗದಗು, ಬಳ್ಳಾರಿಗಳ ರೈಲುದಾರಿ. ನಮ್ಮ ಮೂರು ಊರುಗಳು ಈ ಎರಡು ಕಬ್ಬಿಣದ ದಾರಿಗಳ ನಡುವೆ ರೈಲಿಲ್ಲದೆ ಉಳಿದಿದ್ದುವು. ಸಿಂಧನೂರಿಗೆ ರೈಲು ಬಂದದ್ದೇ 2024ರಲ್ಲಿ. ಆದರೇನು, ಸರಕಿನ ಬಂಡಿಗಳಿಗೂ ಸಂತೆಯ ಜನಕ್ಕೂ ರೈಲಿನ ಹಂಗಿರಲಿಲ್ಲ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. 1898ರ ಹೊತ್ತಿಗೆ ಅದು ಹುಬ್ಬಳ್ಳಿ ಧಾರವಾಡಗಳನ್ನು ಹೊಕ್ಕು, ಅದೇ ವರ್ಷ ಬೆಂಗಳೂರನ್ನೂ ಮುಟ್ಟಿತು. ಹೈದರಾಬಾದು ಸಂಸ್ಥಾನದ ಪಶ್ಚಿಮದ ಸೀಮೆಗಳೂ ಅದರ ಬಾಧೆಗೆ ಒಳಗಾದುವು. ಇಂಗ್ಲಿಷ್ ಸರ್ಕಾರದವರು 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಹೊರಡಿಸಿದರು. ಅದು ನಾಲ್ಕೇ ಕಲಮುಗಳ ಚಿಕ್ಕ ಕಾಯಿದೆ. ಪ್ರಯಾಣಿಕರನ್ನು ತಡೆದು ಪರೀಕ್ಷಿಸುವುದಕ್ಕೂ ಸಂಶಯ ಬಂದವರನ್ನು ಬೇರ್ಪಡಿಸಿ ಇಡುವುದಕ್ಕೂ ಆಜ್ಞೆ ಮೀರಿದವರನ್ನು ಶಿಕ್ಷಿಸುವುದಕ್ಕೂ ಅದು ಅಧಿಕಾರ ಕೊಟ್ಟಿತು. ಬೇರ್ಪಡಿಸಲ್ಪಟ್ಟವನ ಹೆಂಡತಿ ಮಕ್ಕಳು ಏನನ್ನು ಉಣ್ಣಬೇಕೆಂಬ ಮಾತು ಅದರಲ್ಲಿ ಒಂದೂ ಇರಲಿಲ್ಲ.

ಈ ಅಧಿಕಾರವನ್ನು ಚಲಾಯಿಸಿದ ರೀತಿ ಪುಣೆಯಲ್ಲಿ ವಿಪರೀತಕ್ಕೆ ಹೋಯಿತು. ಸೋಲ್ಜರರು ಮನೆಮನೆಗಳನ್ನು ಹೊಕ್ಕು ಹುಡುಕಿದರು. ದೇವರ ಮನೆ, ಅಡಿಗೆಯ ಮನೆ ಎಂಬ ಭೇದವುಳಿಯಲಿಲ್ಲ. ಜನರ ಮನಸ್ಸು ಕುದಿಯಿತು. 1897ರ ಜೂನ್ 22ರ ರಾತ್ರಿ ಪ್ಲೇಗಿನ ಅಧಿಕಾರಿಯಾಗಿದ್ದ ರ್‍ಯಾಂಡನ ಮೇಲೆ ಚಾಪೇಕರ ಸೋದರರು ಗುಂಡು ಹಾರಿಸಿದರು. ಇತ್ತ ಹಳ್ಳಿಪಟ್ಟಣಗಳಲ್ಲಿ ಜನರು ರೋಗಿಯನ್ನು ಬಚ್ಚಿಡತೊಡಗಿದರು. ಸರ್ಕಾರದ ಆಸ್ಪತ್ರೆಯೆಂದರೆ ಸಾಯಿಸುವ ಜಾಗವೆಂದು ಹೆದರಿದರು. ರೋಗವನ್ನು ಮುಚ್ಚಿಟ್ಟ ಮನೆಯಿಂದಲೇ ರೋಗ ನೆರೆಗೆ ಹಬ್ಬುವುದಲ್ಲವೇ? ಇದನ್ನರಿತ ಸರ್ಕಾರದವರು ಬಲಾತ್ಕಾರದ ಕ್ರಮಗಳನ್ನು ಬರಬರುತ್ತ ಸಡಿಲಿಸಿದರು.

ಹುಬ್ಬಳ್ಳಿಯಲ್ಲಿ ಬೇರೊಂದು ಮಾರ್ಗವನ್ನು ಪರೀಕ್ಷಿಸಿದರು. ಹಾಫ್ಕಿನ್ ಪಂಡಿತನು ಮುಂಬಯಿಯಲ್ಲಿ ಪ್ಲೇಗಿನ ಚುಚ್ಚುಮದ್ದನ್ನು ಸಿದ್ಧಪಡಿಸಿ 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದನು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಅದನ್ನು ಹಾಕಿದರು. ವೈದ್ಯನು ತನ್ನ ಮೇಲೆ ಪ್ರಯೋಗಿಸಿಕೊಂಡುದನ್ನು ಇತರರಿಗೆ ಕೊಡುವಾಗ ಜನರ ನಂಬಿಕೆ ತಾನಾಗಿ ಹುಟ್ಟುತ್ತದೆ. ಸಿಪಾಯಿಯನ್ನು ಮುಂದೆ ಮಾಡಿಕೊಂಡು ಬಂದಾಗ ಅದು ಹುಟ್ಟುವುದಿಲ್ಲ.

ಹಳ್ಳಿಗಾಡಿನ ಜನರಿಗೆ ಇವೆಲ್ಲಕ್ಕಿಂತ ಪರಿಚಿತವಾದ ಉಪಾಯ ಮತ್ತೊಂದಿದ್ದಿತು. ಮನೆಯ ಸೂರಿನಿಂದ ಇಲಿ ಸತ್ತು ಬಿದ್ದರೆ ಊರನ್ನು ಬಿಡಬೇಕು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬೇನೆ ಇಳಿಯುವ ತನಕ ಅಲ್ಲಿರಬೇಕು. ಕನ್ನಡ ನಾಡಿನ ಎಲ್ಲ ಕಡೆಯ ಮುದುಕರೂ ಮುದುಕಿಯರೂ ಮೊಮ್ಮಕ್ಕಳಿಗೆ ಹೇಳುತ್ತಿದ್ದ ಮಾತಿದು. ಓದುಬರಹವಿಲ್ಲದವರ ಭಯವೆಂದು ಕೆಲವರು ಇದನ್ನು ಹಗುರಾಗಿ ಕಂಡಿದ್ದುಂಟು. ಆದರೆ ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಮನುಷ್ಯನಿಗೆ ದಾಟಿಸುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ತೋರಿಸಿದುದು 1898ರಲ್ಲಿ. ಅದನ್ನು ವಿದ್ವನ್ಮಂಡಲಿ ಒಪ್ಪಿದುದು ಇನ್ನೂ ಹಲವು ವರ್ಷಗಳ ಮೇಲೆ. ಇಲಿಯಿರುವ ಮನೆಯನ್ನು ಬಿಟ್ಟು ಬಯಲಿಗೆ ಹೋದವರು ಕಾರಣವನ್ನು ಅರಿಯದಿದ್ದರೂ ಕಾರ್ಯವನ್ನು ಸರಿಯಾಗಿಯೇ ಮಾಡಿದ್ದರು. ಸರ್ಕಾರದವರೂ ಮುಂದೆ ಊರು ತೆರವು ಮಾಡಿಸುವುದನ್ನೇ ಒಂದು ಮುಖ್ಯೋಪಾಯವಾಗಿ ಹಿಡಿದರು. ಹೀಗೆ ಜನರ ಅನುಭವಕ್ಕೂ ಸರ್ಕಾರದ ಆಜ್ಞೆಗೂ ಹೊಂದಿಕೆಯಾದ ಕಡೆಯಲ್ಲಿ ಕೆಲಸ ಸುಗಮವಾಯಿತು. ಆದರೆ ಒಂದು ಮಾತನ್ನು ಮರೆಯಬಾರದು. ಹೊಲವುಳ್ಳವನು ತನ್ನ ಹೊಲದಲ್ಲಿ ಗುಡಿಸಲು ಹಾಕಬಲ್ಲನು, ಕಣಜದ ಜೋಳವನ್ನು ಬಂಡಿಗೆ ಹೇರಿಕೊಂಡು ಹೋಗಬಲ್ಲನು. ಹೊಲವೂ ಕಣಜವೂ ಇಲ್ಲದವನು ಎಲ್ಲಿಗೆ ಹೋಗಬೇಕು?

ಹೈದರಾಬಾದು ಸಂಸ್ಥಾನದ ರಾಜಧಾನಿಯಲ್ಲಿ ಅಂಟುಜಾಡ್ಯಗಳಿಗೆಂದೇ ಒಂದು ಆಸ್ಪತ್ರೆ ಏರ್ಪಟ್ಟಿತು. ಕ್ವಾರಂಟೈನ್ ಎಂಬ ಪರದೇಶದ ಮಾತು ಜನರ ನಾಲಗೆಯಲ್ಲಿ ತಿರುಗಿ ಅದು ‘ಕೋರಂಟಿ ದವಾಖಾನೆ’ ಆಯಿತು. ಇಂದಿಗೂ ಅಲ್ಲಿಯವರು ಆ ಹೆಸರನ್ನು ಬಿಟ್ಟಿಲ್ಲ. ಮಲೇರಿಯಾ ಜ್ವರವು ಸೊಳ್ಳೆಯಿಂದ ಬರುವುದೆಂಬುದಕ್ಕೆ ಆಧಾರವನ್ನು ರೊನಾಲ್ಡ್ ರಾಸ್ 1897ರ ಆಗಸ್ಟಿನಲ್ಲಿ ಕಂಡುಕೊಂಡುದು ಅಲ್ಲಿಗೆ ಸಮೀಪದ ಸಿಕಂದರಾಬಾದಿನಲ್ಲಿ. ಪ್ರಪಂಚಕ್ಕೆ ಬೆಳಕು ಕೊಟ್ಟ ಶೋಧನೆ ಸಂಸ್ಥಾನದ ರಾಜಧಾನಿಯ ಮಗ್ಗುಲಲ್ಲೇ ಆದರೂ ಆ ಬೆಳಕು ದೋಆಬಿನ ಹಳ್ಳಿಗಳನ್ನು ಮುಟ್ಟಲು ಬಹುಕಾಲ ಹಿಡಿಯಿತು. ಪಟ್ಟಣದಲ್ಲಿ ತಿಳಿವು ಇದ್ದರೆ ಸಾಲದು, ಅದನ್ನು ಹಳ್ಳಿಗೆ ಹೊತ್ತೊಯ್ಯುವ ಕೈ ಬೇಕು.

ಆ ಕೈ ಇಲ್ಲದಾಗ ಏನಾಗುವುದೆಂಬುದನ್ನು 1918 ತೋರಿಸಿತು. ಆ ವರ್ಷದ ಜೂನ್ ತಿಂಗಳಲ್ಲಿ ಇನ್‌ಫ್ಲುಯೆಂಜಾ ಜ್ವರ ಮುಂಬಯಿಯಲ್ಲಿ ತಲೆದೋರಿತು. ಮೊದಲ ಅಲೆ ಮೃದುವಾಗಿತ್ತು. ಸೆಪ್ಟೆಂಬರಿನಿಂದ ಎದ್ದ ಎರಡನೆಯ ಅಲೆ ಘೋರವಾಯಿತು. ಅದೇ ವರ್ಷ ಮಳೆ ಹೋಯಿತು, ಕಾಳಿನ ಬೆಲೆ ಏರಿತು. ವೈದ್ಯರಲ್ಲಿ ಅನೇಕರು ಮಹಾಯುದ್ಧಕ್ಕೆ ಹೋಗಿದ್ದರು. ಪ್ಲೇಗಿಗೆ ಫಲಿಸಿದ ಊರು ಬಿಡುವ ಉಪಾಯ ಇದಕ್ಕೆ ಫಲಿಸಲಿಲ್ಲ; ಉಸಿರಿನಿಂದ ಹಬ್ಬುವ ರೋಗ ಓಡಿಹೋದವರೊಡನೆಯೇ ಓಡಿತು. ಭರತಖಂಡದಲ್ಲೆಲ್ಲ ಒಂದು ಕೋಟಿಗೂ ಮೇಲ್ಪಟ್ಟು ಜನರು ಮಡಿದರು. 1911ರ ಖಾನೇಸುಮಾರಿಯಲ್ಲಿ ಸುಮಾರು 1 ಕೋಟಿ 34 ಲಕ್ಷವಿದ್ದ ಹೈದರಾಬಾದು ಸಂಸ್ಥಾನದ ಜನಸಂಖ್ಯೆ 1921ರಲ್ಲಿ ಸುಮಾರು 1 ಕೋಟಿ 25 ಲಕ್ಷಕ್ಕೆ ಇಳಿದಿದ್ದಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನ ಒಂಬತ್ತು ಲಕ್ಷದಷ್ಟು ಕುಗ್ಗಿದರು. ಈ ಅಂಕಿಗಳ ಹಿಂದೆ ಎಷ್ಟು ಮನೆಗಳ ದೀಪ ಆರಿದುವೆಂಬುದನ್ನು ಶ್ರೋತೃಗಳೇ ಊಹಿಸಿಕೊಳ್ಳಬೇಕು.

ಸೋಲುಗಳನ್ನಷ್ಟೇ ಹೇಳಿ ಮುಗಿಸಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಈ ಸೀಮೆ ಕನ್ನಡ ರಾಜ್ಯದೊಡನೆ ಕೂಡಿತು. ಅಷ್ಟರಲ್ಲಿ, 1946ರಲ್ಲಿ, ಭೋರ್ ಸಮಿತಿಯವರು ಆರೋಗ್ಯವೆಂಬುದು ಪಟ್ಟಣದ ದೊಡ್ಡಾಸ್ಪತ್ರೆಯಲ್ಲಲ್ಲ, ಹಳ್ಳಿಗಳ ನಡುವಣ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲಾಗಬೇಕೆಂದು ಸಲಹೆಯಿತ್ತಿದ್ದರು. ಈ ದಾರಿಯಲ್ಲಿ ನಡೆದ ದೊಡ್ಡ ಕೆಲಸವೆಂದರೆ ಸಿಡುಬಿನ ನಿರ್ಮೂಲನ. ಬಹುಕಾಲ ಎಲ್ಲರಿಗೂ ದೇವಿ ಹಾಕುವುದೊಂದೇ ಉಪಾಯವೆಂದು ನಂಬಿದ್ದರು. ಕೋಟಿಗಟ್ಟಲೆ ಜನರಿಗೆ ಹಾಕಿದರೂ ರೋಗ ಎಲ್ಲಿಯೋ ಉಳಿದುಕೊಳ್ಳುತ್ತಿತ್ತು. 1973ರಿಂದ ಕ್ರಮವನ್ನು ಬದಲಿಸಿದರು. ಆರೋಗ್ಯದ ಕೆಲಸಗಾರರು ಮನೆಮನೆಗೆ ಹೋಗಿ, ಸಂತೆಗಳಲ್ಲಿ ನಿಂತು, ಸಿಡುಬಿನ ಚಿತ್ರವನ್ನು ತೋರಿಸಿ ವಿಚಾರಿಸಿದರು. ರೋಗಿಯ ಸುದ್ದಿ ತಂದವರಿಗೆ ಇನಾಮು ಕೊಟ್ಟರು. ರೋಗಿಯ ಮನೆಗೆ ಕಾವಲಿಟ್ಟು, ಸುತ್ತಣವರಿಗೆಲ್ಲ ದೇವಿ ಹಾಕಿದರು. ಮನೆಯವರು ಹೊಟ್ಟೆಪಾಡಿಗಾಗಿ ಹೊರಗೆ ಅಲೆಯದಂತೆ ದಿನಸಿಯನ್ನು ಒದಗಿಸಿದ್ದೂ ಉಂಟು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬಿನ ರೋಗಿ ಕಂಡುಬಂದಳು. ಐದು ವರ್ಷಗಳಲ್ಲಿ ಪ್ರಪಂಚವೇ ಆ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. 1897ರಲ್ಲಿ ಮನೆ ಹೊಕ್ಕವರು ಸೋತರು, 1973ರಲ್ಲಿ ಮನೆ ಹೊಕ್ಕವರು ಗೆದ್ದರು. ಹುಡುಕಿದ್ದು ಇಬ್ಬರೂ, ಆದರೆ ಎರಡನೆಯವರು ಹುಡುಕುವಾಗ ಕೊಡುವ ಕೈಯನ್ನೂ ಚಾಚಿದ್ದರು.

ಈ ಪಾಠ ನಮಗೆ 2020ರಲ್ಲಿ ನೆನಪಿದ್ದಿತೇ? ಕೋವಿಡ್ ರೋಗದಿಂದ ಭಾರತದಲ್ಲಿ ಆದ ಮೊದಲ ಸಾವು ನಮ್ಮ ನೆರೆಯ ಕಲಬುರಗಿಯಲ್ಲಿ, ಆ ವರ್ಷದ ಮಾರ್ಚ್ 10ರಂದು. ಮರುದಿನವೇ ಕರ್ನಾಟಕ ಸರ್ಕಾರ 1897ರ ಆ ಹಳೆಯ ಕಾಯಿದೆಯ ಬಲದಿಂದ ನಿಯಮಗಳನ್ನು ಹೊರಡಿಸಿತು. ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ ಲಾಕ್‌ಡೌನಿಗೆ ಒಳಗಾಯಿತು. ನಾಲ್ಕು ಗಂಟೆಗಳಷ್ಟೇ ಮುನ್ಸೂಚನೆ ಇದ್ದಿತು. ಹೊಸ ರೋಗ, ಔಷಧವಿಲ್ಲ, ಲಸಿಕೆಯಿಲ್ಲ. ಕಾಲವನ್ನು ಗಳಿಸಿಕೊಳ್ಳುವುದಕ್ಕಾಗಿ ದಾರಿಗಳನ್ನು ಮುಚ್ಚಿದುದನ್ನು ನಾವು ಸುಲಭವಾಗಿ ತಪ್ಪೆನ್ನಲಾರೆವು. ರಾಯಚೂರು ಜಿಲ್ಲೆಯಲ್ಲಿ ಮೇ ತಿಂಗಳ ಮಧ್ಯದವರೆಗೆ ರೋಗ ಪತ್ತೆಯಾಗಲಿಲ್ಲವೆಂಬುದೂ ನಿಜ. ಆದರೆ ಆ ಹೊತ್ತಿಗೆ ಗುಳೆ ಹೋದವರು ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ, ಮುಂಬಯಿ ಪುಣೆಗಳ ತಗಡಿನ ಶೆಡ್ಡುಗಳಲ್ಲಿ ಇದ್ದರು. ಕೂಲಿ ನಿಂತಿತು, ಬಸ್ಸೂ ನಿಂತಿತು. ಹಲವರು ನಡೆದೇ ಹೊರಟರು. ಬೆಂಗಳೂರಿನಿಂದ ಊರಿಗೆ ಹೊರಟ ಈ ಸೀಮೆಯ ಒಬ್ಬ ಕೂಲಿ ಹೆಣ್ಣುಮಗಳು ಬಳ್ಳಾರಿಯಲ್ಲಿ ಪ್ರಾಣಬಿಟ್ಟಳೆಂಬ ವಾರ್ತೆಯನ್ನು ಏಪ್ರಿಲ್ ತಿಂಗಳ ವೃತ್ತಪತ್ರಿಕೆಗಳಲ್ಲಿ ಓದಿದವರು ಮರೆತಿರಲಾರರು. ಅವಳನ್ನು ಕೊಂದುದು ಕೋವಿಡ್ ಅಲ್ಲ.

ಸರ್ಕಾರದವರು ಸುಮ್ಮನಿದ್ದರೆಂದು ನಾವು ಹೇಳುವುದಿಲ್ಲ. ಏಪ್ರಿಲಿನಿಂದ ತಲೆಗೆ ಐದು ಕಿಲೋ ಧಾನ್ಯವನ್ನು ಉಚಿತವಾಗಿ ಕೊಟ್ಟರು. ಆದರೆ ರೇಷನ್ ಚೀಟಿ ಊರಿನಲ್ಲಿ, ಚೀಟಿಯವನು ಬೆಂಗಳೂರಿನಲ್ಲಿ! ಮೇ ತಿಂಗಳ ಮೊದಲಲ್ಲಿ ಕೂಲಿಕಾರರಿಗೆ ಬಸ್ಸುಗಳನ್ನು ಬಿಟ್ಟರು. ಮೊದಲು ದುಪ್ಪಟ್ಟು ದರವನ್ನು ಕೇಳಿ, ಜನರ ಆಕ್ಷೇಪಣೆಯಾದ ಮೇಲೆ 3ನೆಯ ತಾರೀಖಿನಿಂದ ಪುಕ್ಕಟೆ ಮಾಡಿದರು. ಪರಪ್ರಾಂತದ ಕೂಲಿಕಾರರ ರೈಲುಗಳನ್ನು ರದ್ದುಮಾಡಿ, ಎರಡು ಮೂರು ದಿನಗಳಲ್ಲಿ ಮತ್ತೆ ಬಿಟ್ಟರು. ಆಗ ಜಾರಿಯಲ್ಲಿದ್ದ ಉದ್ಯೋಗ ಖಾತರಿ ಯೋಜನೆಗೆ ಕೇಂದ್ರ ಸರ್ಕಾರ ಹೆಚ್ಚಿಗೆ 40,000 ಕೋಟಿ ರೂಪಾಯಿ ಇಟ್ಟಿತು. ಊರಿಗೆ ಮರಳಿದವರಿಗೆ ಕೆರೆ ಬದುಗಳ ಕೆಲಸ ಸಿಕ್ಕಿದ್ದು ಇದರಿಂದ. ಹೊರಗಿನಿಂದ ಬಂದವರನ್ನು ಶಾಲೆ ವಸತಿಗೃಹಗಳಲ್ಲಿ ಇರಿಸಿಕೊಂಡರು. ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆಮನೆ ತಿರುಗಿದರು. ಇವೆಲ್ಲವೂ ಒಳ್ಳೆಯ ಕ್ರಮಗಳೇ. ದಾರಿ ಮುಚ್ಚುವ ದಿನವೇ ಇವು ಸಿದ್ಧವಾಗಿರಲಿಲ್ಲ ಎಂಬುದಷ್ಟೇ ನಮ್ಮ ಕೊರಗು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ನೀರು ಬರಬಹುದು. ಆ ವೇಳೆಗೆ ಮನೆ ಉಳಿದಿರಬೇಕಲ್ಲ.

ಮರುವರ್ಷ ಮಸ್ಕಿಯಲ್ಲಿ ನಡೆದುದು ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಸಂಗ. ಆ ಕ್ಷೇತ್ರದ ವಿಧಾನಸಭೆಯ ಉಪಚುನಾವಣೆ 2021ರ ಏಪ್ರಿಲ್ 17ರಂದು ಜರುಗಿತು. ಎರಡನೆಯ ಅಲೆ ಆಗಲೇ ಏಳುತ್ತಿದ್ದಿತು. ಆದರೂ ಎಲ್ಲ ಪಕ್ಷದವರೂ ಸಭೆಗಳನ್ನು ನಡೆಸಿದರು, ಮೆರವಣಿಗೆಗಳಾದುವು. ಸರಿಯಾಗಿ ಹತ್ತು ದಿನಗಳ ಮೇಲೆ, ಏಪ್ರಿಲ್ 27ರಂದು, ರಾಜ್ಯದಲ್ಲಿ ಕರ್ಫ್ಯೂ ಜಾರಿಗೆ ಬಂದಿತು. ರಾಜ್ಯದ ಉಪಚುನಾವಣೆಗಳ ಕೆಲಸಕ್ಕೆ ಹೋದ ಉಪಾಧ್ಯಾಯರಲ್ಲಿ ಹಲವರು ರೋಗಕ್ಕೆ ತುತ್ತಾದರೆಂದು ಪತ್ರಿಕೆಗಳು ವರದಿಮಾಡಿದುವು. ದೇಶದ ಅಂದಿನ ಚುನಾವಣೆಗಳ ವಿಷಯದಲ್ಲಿ ಮದ್ರಾಸಿನ ಉಚ್ಚ ನ್ಯಾಯಾಲಯವು ಅದೇ ತಿಂಗಳ 26ರಂದು ಚುನಾವಣಾ ಆಯೋಗಕ್ಕೆ ಕಟುವಾದ ಮಾತುಗಳನ್ನಾಡಿತು. ಒಂದು ವರ್ಷದ ಹಿಂದೆ ಬಡವನು ಮನೆ ಸೇರಲು ದಾರಿಯಿರಲಿಲ್ಲ. ಈಗ ಸಾವಿರಾರು ಜನ ಒಂದೆಡೆ ಸೇರಲು ದಾರಿ ತೆರೆದಿದ್ದಿತು. ನಿಯಮವು ಒಬ್ಬರಿಗೆ ಬಿಗಿಯಾಗಿ ಇನ್ನೊಬ್ಬರಿಗೆ ಸಡಿಲಾದರೆ, ಮುಂದೆ ಬರುವ ಒಳ್ಳೆಯ ನಿಯಮವನ್ನೂ ಜನರು ನಂಬುವುದಿಲ್ಲ. 1897ರಲ್ಲಿ ಭಯದಿಂದ ನಂಬಿಕೆ ಕೆಟ್ಟಿತ್ತು. 2021ರಲ್ಲಿ ಪಕ್ಷಪಾತದಿಂದ ಕೆಟ್ಟಿತು.

ಆ ಚುನಾವಣೆಯಲ್ಲಿ ಮಸ್ಕಿಯ ರೈತರು ಎತ್ತಿದ ಮುಖ್ಯವಾದ ಬೇಡಿಕೆ ಯಾವುದು? ನಾರಾಯಣಪುರ ಬಲದಂಡೆಯ 5ಎ ಕಾಲುವೆಯ ನೀರು. ಅದಕ್ಕಾಗಿ ಅವರು ರೋಗದ ಕಾಲದಲ್ಲಿಯೂ ಧರಣಿ ಕುಳಿತಿದ್ದರು. ಕಾಲುವೆಗೂ ಅಂಟುಜಾಡ್ಯಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನೀರು ಬಂದರೆ ಬೆಳೆ, ಬೆಳೆ ಬಂದರೆ ಊರಲ್ಲೇ ಕೂಲಿ, ಊರಲ್ಲೇ ಕೂಲಿಯಾದರೆ ಗುಳೆಯಿಲ್ಲ. ಗುಳೆಯಿಲ್ಲದ ಊರಿಗೆ ದಾರಿ ಮುಚ್ಚಿದರೂ ಪ್ರಾಣಸಂಕಟವಾಗದು. ಆರೋಗ್ಯ ಶಾಖೆಯ ಕಾಗದಪತ್ರಗಳಲ್ಲಿ ಈ ಲೆಕ್ಕ ಬರದೆ ಇರಬಹುದು. ನಮ್ಮ ದೃಷ್ಟಿಯಲ್ಲಿ ಇದೂ ಆರೋಗ್ಯದ ಲೆಕ್ಕವೇ.

ಇನ್ನೊಂದು ಅಂಟುಜಾಡ್ಯ ಬಾರದೆಂದು ಯಾರೂ ಹೇಳಲಾರರು. ಬಂದಾಗ ಲಸಿಕೆಯನ್ನು ತ್ವರೆಯಾಗಿ ಮಾಡುವ ಶಕ್ತಿ ನಮಗೆ ಬಂದಿದೆ. 2021ರ ಜನವರಿ 16ರಂದು ಮೊದಲಾದ ಕೋವಿಡ್ ಲಸಿಕೆ ಅದೇ ವರ್ಷದ ಅಕ್ಟೋಬರಿನಲ್ಲಿ 100 ಕೋಟಿ ಡೋಸುಗಳನ್ನು ಮುಟ್ಟಿದುದೇ ಇದಕ್ಕೆ ಸಾಕ್ಷಿ. ನಮಗೆ ಇನ್ನೂ ಬರಬೇಕಾದುದು ಬೇರೊಂದು ಸಿದ್ಧತೆ. ಪ್ರತಿಯೊಂದು ತಾಲೂಕಿನಿಂದ ಎಷ್ಟು ಜನ ಎಲ್ಲಿಗೆ ಗುಳೆ ಹೋಗಿದ್ದಾರೆಂಬ ಲೆಕ್ಕ ತಾಲೂಕಿನ ಕಚೇರಿಯಲ್ಲಿರಬೇಕು. ಅವರು ಇದ್ದಲ್ಲಿಯೇ ಅವರಿಗೆ ಧಾನ್ಯ ಸಿಗಬೇಕು. ದಾರಿ ಮುಚ್ಚುವ ಆಜ್ಞೆಯೂ ದಾರಿಯಲ್ಲಿರುವವನಿಗೆ ಅನ್ನ, ನೀರು, ವಸತಿ ಕೊಡುವ ಆಜ್ಞೆಯೂ ಒಂದೇ ಕಾಗದದಲ್ಲಿ ಹೊರಡಬೇಕು.

ಇದು ಹೊಸ ಮಾತಲ್ಲವೆಂಬುದನ್ನು ಆರಂಭದಲ್ಲಿಯೇ ಕಂಡೆವು. ಮಸ್ಕಿಯ ಗುಡ್ಡಕ್ಕೆ ಹೋದವರು ಆ ಬಂಡೆಯನ್ನು ಈಗಲೂ ನೋಡಬಹುದು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಅದು ಎಟುಕುತ್ತದೆ, ಈ ಮಾತನ್ನು ಇಬ್ಬರಿಗೂ ತಿಳಿಯಹೇಳಬೇಕು ಎಂಬುದು ಅದರ ತಾತ್ಪರ್ಯ. ಆ ಗುಡ್ಡದ ಬುಡದಲ್ಲಿ ಹಾದುಹೋಗುವ ದಾರಿಯಲ್ಲಿ ಪ್ರತಿ ವರ್ಷವೂ ಗಂಟುಮೂಟೆ ಹೊತ್ತ ಸಂಸಾರಗಳು ಬಸ್ಸಿಗಾಗಿ ಕಾದು ನಿಲ್ಲುತ್ತವೆ. ಮುಂದಿನ ಸಲ ದಾರಿ ಮುಚ್ಚುವಾಗ ಅವರ ಲೆಕ್ಕ ಮೊದಲು ಬರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.